ಓಮದ ಎಣ್ಣೆ ಎರಡು ಹನಿ ನೀರಿಗೆ ಹಾಕಿ ಕುಡಿದರೆ ಗ್ಯಾಸ್ಟ್ರಿಕ್ ಹೋಗುತ್ತಾ?

ಬಾಟಲಿಯ ಎಣ್ಣೆ ಬೇಡ, ಓಂಕಾಳನ್ನೇ ಬಳಸಿ. ಎರಡರಲ್ಲೂ ಮುಖ್ಯವಾಗಿ ಕೆಲಸ ಮಾಡುವುದು ಥೈಮಾಲ್ ಎಂಬ ಘಾಟಿನ ಅಂಶ. ಒಳ್ಳೆಯ ಕಾಳಿನಲ್ಲಿ ಶೇ. 2ರಿಂದ 4ರಷ್ಟು ಎಣ್ಣೆ ಇರುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಥೈಮಾಲ್. ಲೆಕ್ಕ ಹಾಕಿ ನೋಡಿ: ಒಂದು ಟೀ ಚಮಚ, ಅಂದರೆ ಸುಮಾರು 2 ಗ್ರಾಂ ಕಾಳಿನೊಳಗೆ ಇರುವ ಅಷ್ಟೂ ಎಣ್ಣೆ ಸರಾಸರಿ 60 ಮಿಲಿಗ್ರಾಂ. ಬಾಟಲಿಯ ಒಂದೇ ಹನಿ 40–50 ಮಿಲಿಗ್ರಾಂ ತೂಗುತ್ತದೆ. ಅದೂ ನೀರಿನಲ್ಲಿ ಬೆರೆಯದೆ ಮೇಲೆ ತೇಲುತ್ತಾ ಇದ್ದು, ಮೊದಲ ಗುಟುಕಿನಲ್ಲೇ ಗಂಟಲಿಗೆ ಇಳಿಯುತ್ತದೆ. ಬಾಯಿ, ಅನ್ನನಾಳ ಉರಿಯುವುದು ಅದಕ್ಕೇ.

ಕಾಳಿನ ನೀರಿನಲ್ಲೂ ಬಹಳ ಜನ ತಪ್ಪುವ ಜಾಗ ಒಂದಿದೆ: ಪಾತ್ರೆ ಮುಚ್ಚದೆ ಕೊತಕೊತ ಕುದಿಸುವುದು. ಅಡುಗೆಮನೆಯೆಲ್ಲ ಘಮ್ಮೆಂದರೆ ಔಷಧಿ ಹಬೆಯ ಜೊತೆ ಹೋಯಿತು ಎಂದೇ ಅರ್ಥ. ಒಂದು ಚಮಚ ಕಾಳನ್ನು ಕುಟ್ಟಾಣಿಯಲ್ಲಿ ಒಡೆದುಕೊಳ್ಳುವಷ್ಟು ಮಾತ್ರ ಜಜ್ಜಿ, ಒಲೆಯಿಂದ ಇಳಿಸಿದ 200 ಮಿ.ಲೀ. ಬಿಸಿನೀರಿಗೆ ಹಾಕಿ, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ. ತಟ್ಟೆಯ ಅಡಿಯಲ್ಲಿ ಕೂತ ಹನಿಗಳನ್ನೂ ಲೋಟಕ್ಕೇ ಬಗ್ಗಿಸಿ. ಸೋಸಿ, ಊಟವಾದ ಮೇಲೆ ಕುಡಿಯಿರಿ. ಅಂಗೈಯಲ್ಲಿ ತಿಕ್ಕಿದಾಗ ಮೂಗಿಗೆ ಘಾಟು ಹೊಡೆಯದ ಹಳೇ ಕಾಳಿನಿಂದ, ವರ್ಷಗಟ್ಟಲೆ ಡಬ್ಬಿಯಲ್ಲಿದ್ದ ಪುಡಿಯಿಂದ ಏನೂ ಆಗದು.

ಇನ್ನು 'ಗ್ಯಾಸ್ಟ್ರಿಕ್'. ನಾವು ಹೊಟ್ಟೆ ಉಬ್ಬರಕ್ಕೂ ಎದೆಯುರಿಗೂ ಇದೇ ಹೆಸರು ಹೇಳುತ್ತೇವೆ, ಎಡವಟ್ಟು ಅಲ್ಲೇ. ಓಮ ಉಬ್ಬರಕ್ಕೆ, ವಾಯುವಿಗೆ. ಹುಳಿತೇಗು, ಎದೆಯುರಿ ಇದ್ದವರಿಗೆ ಅದು ಉರಿ ಹೆಚ್ಚಿಸಬಹುದು.

ಪೆಪ್ಪರ್‌ಮಿಂಟ್ ಎಣ್ಣೆಯದೂ ಇದೇ ಕಥೆ. ಅದರ ಮೆಂಥಾಲ್ ಕರುಳಿನ ಸ್ನಾಯುವಿಗೆ ಕ್ಯಾಲ್ಸಿಯಂ ಹೋಗುವ ದಾರಿ ತಡೆದು ಸೆಳೆತ ಇಳಿಸುತ್ತದೆ. ಜಠರದ ಬಾಯಿಯಲ್ಲಿರುವ ಸ್ನಾಯುವನ್ನೂ ಸಡಿಲ ಮಾಡುವುದರಿಂದ ಆಮ್ಲ ಮೇಲಕ್ಕೆ ಬರುತ್ತದೆ. ಆದ್ದರಿಂದಲೇ ಐಬಿಎಸ್‌ಗೆ (ಪದೇಪದೇ ಹೊಟ್ಟೆ ಹಿಂಡಿ ಮಲದ ಕ್ರಮ ತಪ್ಪುವ ಕರುಳಿನ ತೊಂದರೆಗೆ) ಕೊಡುವ 0.2 ಮಿ.ಲೀ. ಕ್ಯಾಪ್ಸೂಲಿಗೆ ಕರುಳಿನಲ್ಲಿ ಮಾತ್ರ ಕರಗುವ ಲೇಪನ ಇರುತ್ತದೆ. ಅಗಿಯಬಾರದು. ಆಂಟಾಸಿಡ್ ಜೊತೆಗೂ ಬೇಡ, ಲೇಪನ ಜಠರದಲ್ಲೇ ಕರಗಿಬಿಡುತ್ತದೆ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು.

ಹೊಟ್ಟೆಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಇದ್ಯಾವುದೂ ಸಾಲದು, ವೈದ್ಯರು ಬರೆಯುವ ಆಂಟಿಬಯೋಟಿಕ್ ಬೇಕು. ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳಿಗೆ ಎಣ್ಣೆ ಯಾವ ರೂಪದಲ್ಲೂ ಕುಡಿಸಬೇಡಿ. ಮಲ ಕಪ್ಪಗೆ ಹೋಗುವುದು, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ವೈದ್ಯರಿಗೆ ತೋರಿಸಿ. ಬೆವರಿನ ಜೊತೆ ಎದೆ ಹಿಂಡುತ್ತಿದ್ದರೆ ಓಮದ ನೀರು ಕಾಯಿಸುತ್ತಾ ಕೂರದೆ ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.