ಇತಿಹಾಸದ ಮೇಷ್ಟ್ರಿಗೆ ಅರ್ಥಶಾಸ್ತ್ರ ಯಾಕೆ?

ಅಮೆರಿಕದಲ್ಲಿ ಇತಿಹಾಸ ಕಲಿಸುವವರಿಗೆ ಅರ್ಥಶಾಸ್ತ್ರದ ತರಬೇತಿ ಕೊಡುತ್ತಾರೆಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಧಾರವಾಡದ ಪ್ರೌಢಶಾಲಾ ಶಿಕ್ಷಕರೊಬ್ಬರು ಕೇಳಿದ್ದಾರೆ: ‘ಜನ ಪ್ರಾಣ ಕೊಟ್ಟ ಕಥೆಯನ್ನೂ ಲಾಭ-ನಷ್ಟದ ಲೆಕ್ಕ ಮಾಡಿಬಿಟ್ಟರೆ ಮಕ್ಕಳಿಗೆ ಏನು ಉಳಿಯುತ್ತೆ?’

ಪ್ರಿಯ ಗುರುಗಳೇ,

ನಿಮ್ಮ ಆತಂಕ ನನಗೆ ಅರ್ಥವಾಗುತ್ತೆ. ಆದರೂ ಈ ತರಬೇತಿ ಬೇಕು ಅಂತಲೇ ನನ್ನ ಅಭಿಪ್ರಾಯ. ಒಂದು ಪಾಠ ಹಿಡಿದು ಹೇಳುತ್ತೇನೆ.

1773ರ ಡಿಸೆಂಬರ್ 16ರ ರಾತ್ರಿ, ಆಗಿನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಅಮೆರಿಕದ ಬೋಸ್ಟನ್ ಬಂದರಿನಲ್ಲಿ ಜನ ಸುಮಾರು 340 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದರು. ‘ತೆರಿಗೆ ಏರಿಸಿದರು, ಜನ ಸಿಟ್ಟಿಗೆದ್ದರು’ ಅಂತ ಹೇಳಿ ನಾವು ಮುಂದೆ ಹೋಗುತ್ತೇವೆ, ಅಲ್ವಾ? ಆದರೆ ಆ ವರ್ಷದ ಚಹಾ ಕಾಯ್ದೆ ತೆರಿಗೆ ಏರಿಸಲೇ ಇಲ್ಲ. ಒಂದು ಪೌಂಡ್ ತೂಕದ ಚಹಾಕ್ಕೆ 3 ಪೆನ್ಸ್ ಸುಂಕ ಮೊದಲೇ ಇತ್ತು, ಹಾಗೇ ಉಳಿಯಿತು. ಆಗಿನ ಈಸ್ಟ್ ಇಂಡಿಯಾ ಕಂಪನಿಗೆ ಸಾಲ ಜಾಸ್ತಿ. ಲಂಡನ್ ಗೋದಾಮಿನಲ್ಲಿ ಚೀನಾದ ಚಹಾ ರಾಶಿ ಬಿದ್ದಿತ್ತು. ನಡುವಿನ ವ್ಯಾಪಾರಿಗಳನ್ನು ಬಿಟ್ಟು ಅದನ್ನು ನೇರವಾಗಿ ಅಮೆರಿಕಕ್ಕೆ ಕಳಿಸಲು ಕಾಯ್ದೆ ಅವಕಾಶ ಕೊಟ್ಟಿತು. ಅಂದರೆ ಚಹಾ ಅಗ್ಗವಾಗಲಿತ್ತು!

ಹಾಗಾದರೆ ಅಗ್ಗದ ಚಹಾವನ್ನು ಯಾಕೆ ಸುರಿದರು? ಒಳ್ಳೆಯ ತರಬೇತಿ ಈ ಪ್ರಶ್ನೆಯನ್ನು ಶಿಕ್ಷಕರ ಮುಂದಿಟ್ಟು ಸುಮ್ನೆ ಕೂರುತ್ತದೆ. ಶಿಕ್ಷಕರು ಪಾತ್ರ ಹಂಚಿಕೊಳ್ಳುತ್ತಾರೆ. ಒಬ್ಬರು ಡಚ್ಚರ ಚಹಾವನ್ನು ಸುಂಕ ತಪ್ಪಿಸಿ ಕಳ್ಳಸಾಗಣೆ ಮಾಡುವವರಾಗುತ್ತಾರೆ. ಇನ್ನೊಬ್ಬರು ವ್ಯಾಪಾರ ಕಳೆದುಕೊಂಡ ಅಂಗಡಿಕಾರರು. ಮತ್ತೊಬ್ಬರು ಕಂಪನಿಯ ಏಜೆಂಟರು. ಬೋಸ್ಟನ್ನಿನಲ್ಲಿ ಗವರ್ನರ್ ಹಚಿನ್ಸನ್ನರ ಇಬ್ಬರು ಗಂಡುಮಕ್ಕಳೇ ಏಜೆಂಟರ ಪಟ್ಟಿಯಲ್ಲಿದ್ದರು. ಯಾರ ಜೇಬಿಗೆ ಏನಾಯಿತು ಅಂತ ಲೆಕ್ಕ ಹಾಕಿದ ಮೇಲೆ ‘ನಮ್ಮನ್ನು ಕೇಳದೆ ತೆರಿಗೆ ಬೇಡ’ ಎಂಬ ಆ ಜನರ ಮಾತು ಸಣ್ಣದಾಗುತ್ತಾ? ನನಗಂತೂ ಹಾಗನ್ನಿಸಿಲ್ಲ. ಕೊಂಡರೆ ಸುಂಕಕ್ಕೆ ಒಪ್ಪಿದಂತೆ ಎಂದು ಅಗ್ಗದ ಸರಕನ್ನೇ ಬೇಡ ಅಂದವರ ಹಟ ಆಗ ಇನ್ನೂ ಚೆನ್ನಾಗಿ ಕಾಣುತ್ತೆ. ಕಳ್ಳಸಾಗಣೆಯವನ ಲಾಭವನ್ನೂ ಹೇಳಬೇಕು, ಈ ಹಟವನ್ನೂ ಹೇಳಬೇಕು.

ನಿಮ್ಮ ಎಚ್ಚರಿಕೆ ನಿಜಕ್ಕೂ ಬೇಕಾಗುವುದು ಗುಲಾಮಗಿರಿಯ ಪಾಠದಲ್ಲಿ. 1793ರಲ್ಲಿ ಎಲೈ ವಿಟ್ನಿ ಎಂಬ ಅಮೆರಿಕನ್ನರ ‘ಜಿನ್’ ಯಂತ್ರ ಬಂತು. ಹತ್ತಿಯಿಂದ ಬೀಜ ಬಿಡಿಸುವುದು ಸಲೀಸಾಯಿತು, ಅಮೆರಿಕದ ದಕ್ಷಿಣದಲ್ಲಿ ಹತ್ತಿ ಹಬ್ಬಿತು, ಗುಲಾಮರ ಬೆಲೆ ಏರಿತು. ಇಷ್ಟನ್ನು ಬೇಡಿಕೆ-ಪೂರೈಕೆಯ ಗೆರೆ ಎಳೆದು ಮುಗಿಸುವ ಶಿಕ್ಷಕರು ಪಾಠ ಕೆಡಿಸುತ್ತಾರೆ. ಮಾರಾಟದ ಹಳೇ ಪಟ್ಟಿಗಳಲ್ಲಿ ಹೆಸರು, ವಯಸ್ಸು, ಡಾಲರು ಒಂದೇ ಸಾಲಿನಲ್ಲಿರುತ್ತವೆ. ಮಕ್ಕಳ ಹೆಸರೂ ಇರುತ್ತವೆ. ತರಬೇತಿಯಲ್ಲಿ ಶಿಕ್ಷಕರ ಕೈಗೆ ಆ ಪಟ್ಟಿಯನ್ನೇ ಕೊಡಬೇಕು.

ಪಾಠಗಳು ಎಲ್ಲಿ ಸಿಗುತ್ತವೆ ಎಂದೂ ಕೇಳಿದ್ದೀರಿ. 1949ರಲ್ಲಿ ಶುರುವಾದ ಕೌನ್ಸಿಲ್ ಫಾರ್ ಎಕನಾಮಿಕ್ ಎಜುಕೇಶನ್ ಎಂಬ ಅಮೆರಿಕದ ಸಂಸ್ಥೆ ಇಂಥ ಕೆಲಸ ಮಾಡುತ್ತದೆ. ಅಮೆರಿಕದ ಕೇಂದ್ರ ಬ್ಯಾಂಕಿನ ಅಂಗವಾದ ಸೇಂಟ್ ಲೂಯಿಸ್‌ನ ಫೆಡರಲ್ ರಿಸರ್ವ್ ಬ್ಯಾಂಕ್ 1930ರ ದಶಕದ ಮಹಾ ಆರ್ಥಿಕ ಕುಸಿತದ ಪಾಠಗಳನ್ನು ಪುಕ್ಕಟೆ ಕೊಡುತ್ತದೆ.

ನಿಮ್ಮ ಮಕ್ಕಳಿಗೆ ಹತ್ತಿಯಿಂದಲೇ ಶುರುಮಾಡಿ. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿ ಬೀಜವನ್ನು ಧಾರವಾಡ ಸೀಮೆಗೆ ತಂದರು. ಅದು ‘ಧಾರವಾಡ ಅಮೆರಿಕನ್’ ಅಂತಲೇ ಹೆಸರಾಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿ ಅಲ್ಲಿನ ಹತ್ತಿ ಬ್ರಿಟನ್ನಿಗೆ ಬರುವುದು ಕಡಿಮೆಯಾದಾಗ ಬೊಂಬಾಯಿಯಲ್ಲಿ ಹತ್ತಿಯ ರೇಟು ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿಯುತ್ತಿದ್ದಂತೆ ಧೊಪ್ಪನೆ ಬಿತ್ತು. ಆ ನಾಲ್ಕು ವರ್ಷ ಲಾಭ ಯಾರಿಗೆ ಹೋಯಿತು, ರೈತನಿಗಾ, ದಲ್ಲಾಳಿಗಾ ಅಂತ ಮಕ್ಕಳನ್ನು ಕೇಳಿ. ಅವರ ಉತ್ತರಗಳನ್ನು ಕಳಿಸಿದರೆ ಖಂಡಿತ ಪ್ರಕಟಿಸುತ್ತೇವೆ.

— ಸಂಪಾದಕ