ಶಾಲೆಗೆ ಜಮೀನು ದಾನ: ಮೊದಲು ಪಹಣಿ ನೋಡಿ

ತಾತನಿಂದ ಬಂದ ಮಾಲೂರಿನ ಜಮೀನಲ್ಲಿ ಒಂದು ಎಕರೆ ಊರ ಸರ್ಕಾರಿ ಶಾಲೆಗೆ ಬರೆದುಕೊಡಲು ಹೋದರೆ ನೋಂದಣಿ ಆಗುತ್ತಿಲ್ಲ ಅಂದಿರಲ್ಲ, ಬಹುಶಃ ಪಹಣಿ, ಅಂದರೆ ಜಮೀನಿನ ಸರ್ಕಾರಿ ದಾಖಲೆ, ಇನ್ನೂ ತಾತನ ಹೆಸರಲ್ಲೇ ಇದೆ. ಅದರಲ್ಲಿ ಮಾಲೀಕರ ಹೆಸರಿರುವ ಕಾಲಂ 9 ನೋಡಿ. ನಮ್ಮದೂ ಅಲ್ಲೇ ಸಿಕ್ಕಿಕೊಂಡಿತ್ತು. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ, ಮರಣ ಪ್ರಮಾಣಪತ್ರ ಜೊತೆಗಿಟ್ಟು ಪೌತಿ ಖಾತೆಗೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಅರ್ಜಿ ಹಾಕಿ. ಜಮೀನು ಪಿತ್ರಾರ್ಜಿತವೋ ತಾತ ಕೊಂಡದ್ದೋ ನೀವು ಬರೆದಿಲ್ಲ, ಹೇಗಿದ್ದರೂ ಅಕ್ಕ, ಅತ್ತೆಯರ ಹೆಸರು ಬಿಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ, ನೀವು ದಾನ ಕೊಡಬಹುದಾದದ್ದು ನಿಮ್ಮ ಪಾಲು ಮಾತ್ರ. ಆಮೇಲೆ 11ಇ ನಕ್ಷೆ (ಜಮೀನು ಭಾಗ ಮಾಡಲು ಸರ್ವೆಯವರು ಅಳೆದು ಕೊಡುವುದು), ವಿಭಾಗ ಪತ್ರ (ಪಾಲು ಹಂಚಿಕೊಂಡ ದಾಖಲೆ) ಮಾಡಿಸಿ. ಕೊನೆಗೆ ದಾನಪತ್ರ, ಇಬ್ಬರು ಸಾಕ್ಷಿ ಬೇಕು. ಅದನ್ನು ಯಾರ ಹೆಸರಿಗೆ ಬರೆಯಬೇಕು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಮೊದಲೇ ಬರಹದಲ್ಲಿ ತಗೊಳ್ಳಿ, ಬಾಯಿಮಾತು ಸಾಲದು. ಈ ವಯಸ್ಸಲ್ಲಿ ಹಂಚುವ ಮನಸ್ಸು ಮಾಡಿದ್ದೀರಿ, ತುಂಬಾ ಖುಷಿಯಾಯಿತು, ಕಾಗದದ ಓಡಾಟಕ್ಕೆ ಬೇಸತ್ತು ಬಿಡಬೇಡಿ. ನಾಳೆಯೇ ಪಹಣಿ ತೆಗೆಸಿ.