ನಾಯಿಯ ತಟ್ಟೆಗೆ ಯಾವುದು ಬೀಳಬಾರದು?

ಮನೆಯಲ್ಲಿ ಉಳಿದ ಊಟವನ್ನು ನಾಯಿಗೆ ಹಾಕುವ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ.

ನಮ್ಮ ನಾಯಿಗೆ ಎಂಟು ವರ್ಷ. ಮರಿಯಾಗಿದ್ದಾಗಿನಿಂದ ಅನ್ನ-ಸಾರು, ಪಲ್ಯ ಹಾಕುತ್ತಿದ್ದೇವೆ. ಏನೂ ಆಗಿಲ್ಲ. ಈಗ ಮಗಳು ಈರುಳ್ಳಿ ಇರುವುದನ್ನು ಹಾಕಲೇಬೇಡಿ ಅಂತಾಳೆ. ಇಷ್ಟು ವರ್ಷ ಆಗದ್ದು ಈಗ ಆಗುತ್ತಾ ಡಾಕ್ಟರೇ?
— ಓದುಗರು, ಹಾಸನ

ಮಗಳ ಮಾತು ಕೇಳಿ. ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ಒಣಗಿಸಿ ಪುಡಿ ಮಾಡಿದರೆ ಇನ್ನೂ ಜಾಸ್ತಿ. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆಗೆ ಹೋದರೆ ರಕ್ತದಲ್ಲಿ ಬದಲಾವಣೆ ಕಾಣುತ್ತದೆ. ಅಂದರೆ ಐದು ಕಿಲೋ ತೂಗುವ ಪುಟ್ಟ ನಾಯಿಗೆ ಒಂದು ಸಾಧಾರಣ ಗಾತ್ರದ ಈರುಳ್ಳಿಯೇ ಸಾಕು. ಬೆಳ್ಳುಳ್ಳಿ ಇದಕ್ಕಿಂತ ಕಡಿಮೆ ತೂಕದಲ್ಲೇ ಕೆಡುಕು ಮಾಡುತ್ತದೆ.

ಒಂದೇ ಸಲ ಅಷ್ಟು ತಿನ್ನಬೇಕೆಂದೇನೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಹೋದರೂ ರಕ್ತಹೀನತೆ ಬರಬಹುದು. ಆಗ ಅದು ಎದ್ದು ಕಾಣುವುದಿಲ್ಲ. ನಾಯಿ ಸ್ವಲ್ಪ ಮಂಕಾಗಿರುತ್ತದೆ, ಮೆಟ್ಟಿಲು ಹತ್ತಲು ಹಿಂಜರಿಯುತ್ತದೆ. ವಯಸ್ಸಾಯಿತು ಅಂದುಕೊಂಡು ನಾವೂ ಸುಮ್ಮನಾಗುತ್ತೇವೆ.

ಒಮ್ಮೆಗೇ ಹೆಚ್ಚು ತಿಂದಾಗಲೂ ತೊಂದರೆ ಕಾಣುವುದು ಸಾಮಾನ್ಯವಾಗಿ ಮೂರರಿಂದ ಐದು ದಿನಗಳ ನಂತರ. ಅಷ್ಟರಲ್ಲಿ ಈರುಳ್ಳಿ ತಿಂದದ್ದೇ ಎಲ್ಲರಿಗೂ ಮರೆತುಹೋಗಿರುತ್ತದೆ. ಈಗಲೇ ನಿಮ್ಮ ನಾಯಿಯ ಮೇಲ್ತುಟಿ ಎತ್ತಿ ವಸಡು ನೋಡಿ. ತಿಳಿ ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕಣ್ಣಿನ ಕೆಳರೆಪ್ಪೆಯ ಒಳಭಾಗ ನೋಡಿ. ಬಿಳಿಚಿಕೊಂಡಿದ್ದರೆ, ಏದುಸಿರು ಬಿಡುತ್ತಿದ್ದರೆ ಅಥವಾ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಗಂತ ಮನೆ ಊಟ ನಿಲ್ಲಿಸಬೇಕಿಲ್ಲ. ಬೇಳೆ, ತರಕಾರಿ ಬೆಂದ ಮೇಲೆ, ಉಪ್ಪು ಹುಳಿ ಖಾರ ಹಾಕುವ ಮೊದಲೇ ನಾಯಿಯ ಪಾಲು ಎತ್ತಿಡಿ. ಆ ತರಕಾರಿಯಲ್ಲಿ ಈರುಳ್ಳಿ ಇರಬಾರದು, ಅಷ್ಟೇ. ಅನ್ನ, ರಾಗಿ ಮುದ್ದೆ, ಬೇಯಿಸಿದ ಮೊಟ್ಟೆ, ಕ್ಯಾರೆಟ್, ಸಿಹಿಗುಂಬಳ, ಒಗ್ಗರಣೆ ಹಾಕದ ಮೊಸರನ್ನ ಕೊಡಬಹುದು.

ನಮ್ಮದು ದ್ರಾಕ್ಷಿ ತೋಟ. ಒಣದ್ರಾಕ್ಷಿ ಮಾಡುವ ಶೆಡ್ ಕಾಯಲು ನಾಯಿ ಸಾಕಿದ್ದೇವೆ. ಕೆಳಗೆ ಬಿದ್ದದ್ದನ್ನು ಅದು ತಿನ್ನುತ್ತದೆ, ಆರಾಮಾಗಿಯೇ ಇದೆ. ದ್ರಾಕ್ಷಿ ವಿಷ ಅನ್ನುವುದು ನಿಜವೇ?
— ಓದುಗರು, ವಿಜಯಪುರ

ನಿಜ. ಆದರೆ ಎಲ್ಲ ನಾಯಿಗೂ, ಎಲ್ಲ ದ್ರಾಕ್ಷಿಯಿಂದಲೂ ಒಂದೇ ರೀತಿ ಆಗುವುದಿಲ್ಲ. ಅದಕ್ಕೇ ಜನ ನಂಬುವುದಿಲ್ಲ. ಒಂದು ನಾಯಿ ಗೊಂಚಲು ತಿಂದು ಅರಗಿಸಿಕೊಳ್ಳುತ್ತದೆ. ಇನ್ನೊಂದಕ್ಕೆ ಕೆಲವೇ ಕಾಳಿಗೆ ಮೂತ್ರಪಿಂಡ ಕೈಕೊಡುತ್ತದೆ.

ಕಾರಣ ಬಹಳ ವರ್ಷ ಗೊತ್ತಿರಲಿಲ್ಲ. ಅಮೆರಿಕದಲ್ಲಿ ಒಂದು ನಾಯಿ, ಮಕ್ಕಳಿಗೆ ಆಡಲು ಮನೆಯಲ್ಲೇ ಮಾಡಿದ್ದ ಹಿಟ್ಟಿನ ಮುದ್ದೆ ತಿಂದು ದ್ರಾಕ್ಷಿ ತಿಂದಂತೆಯೇ ಕಾಯಿಲೆ ಬಿತ್ತು. ಆ ಹಿಟ್ಟಿಗೆ ಹಾಕಿದ್ದ ಕ್ರೀಮ್ ಆಫ್ ಟಾರ್ಟರ್ (ಟಾರ್ಟಾರಿಕ್ ಆಮ್ಲದಿಂದಾದ, ಬೇಕರಿ ತಿನಿಸಿಗೆ ಹಾಕುವ ಹುಳಿ ಪುಡಿ) ನೋಡಿ ಅಲ್ಲಿನ ಪಶುವೈದ್ಯರು 2021ರಲ್ಲಿ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ದ್ರಾಕ್ಷಿಯಲ್ಲಿ ಇದೇ ಆಮ್ಲ ಇದೆ. ತಳಿ, ಹಣ್ಣಾದ ಹದ ಬದಲಾದಂತೆ ಅದರ ಪ್ರಮಾಣವೂ ಬದಲಾಗುತ್ತದೆ. ಇಂದು ಪರಿಣಾಮ ಹೀಗೆ, ನಾಳೆ ಹಾಗೆ ಆಗುವುದಕ್ಕೆ ಇದು ಒಂದು ಕಾರಣ.

ನಮಗೆ ಇದರಲ್ಲಿ ಇನ್ನೂ ಹತ್ತಿರದ ವಿಷಯವಿದೆ. ಹುಣಸೆಹಣ್ಣಿನಲ್ಲೂ ಟಾರ್ಟಾರಿಕ್ ಆಮ್ಲ ಧಾರಾಳವಾಗಿದೆ. ಹುಣಸೆ ತಿಂದ ನಾಯಿಗಳಿಗೆ ಮೂತ್ರಪಿಂಡ ಕೆಟ್ಟ ಪ್ರಕರಣಗಳೂ ದಾಖಲಾಗಿವೆ. ತೆಳು ಸಾರು ಒಂದು ತುತ್ತು ಹೋಯಿತೆಂದು ಗಾಬರಿ ಬೇಡ. ಪುಳಿಯೋಗರೆ ಗೊಜ್ಜು, ಹುಣಸೆ ಉಂಡೆ, ಹಿಂಡಿ ಎಸೆದ ಸಿಪ್ಪೆ ಮಾತ್ರ ನಾಯಿಗೆ ಸಿಗದಂತೆ ಇಡಿ.

ದ್ರಾಕ್ಷಿಯಲ್ಲಿ ಇಷ್ಟಾದರೆ ಪರವಾಗಿಲ್ಲ ಎನ್ನುವ ಅಳತೆ ಇಲ್ಲ. ಒಣದ್ರಾಕ್ಷಿಯಲ್ಲಿ ನೀರಿನಂಶ ಹೋಗಿರುವುದರಿಂದ ಅಪಾಯ ಜಾಸ್ತಿ. ಮೊದಲ ದಿನ ವಾಂತಿ, ಮಂಕು. ಮೂತ್ರಪಿಂಡ ಸೋಲುವುದು ಒಂದರಿಂದ ಮೂರು ದಿನದಲ್ಲಿ. ಮೂತ್ರ ನಿಂತಮೇಲೆ ಉಳಿಸುವುದು ಬಹಳ ಕಷ್ಟ. ದಯವಿಟ್ಟು ಶೆಡ್ಡಿನ ಹೊರಗೆ ಕಟ್ಟಿಹಾಕಿ ಕಾವಲಿಗೆ ಬಿಡಿ, ಒಳಗೆ ಬಿಡಬೇಡಿ. ಹಬ್ಬದ ದಿನ ಪಾಯಸ, ಕೇಸರಿಬಾತ್ ಮಾಡುವ ಮನೆಯವರಿಗೂ ಇದೇ ಮಾತು.

ಹತ್ತು ಕಿಲೋ ತೂಗುವ ನಾಯಿ ಎಷ್ಟು ಚಾಕೊಲೇಟ್ ತಿಂದರೆ ಅಪಾಯ? ಶುಗರ್ ಫ್ರೀ ಆದರೆ ಕೊಡಬಹುದಾ?
— ಓದುಗರು, ಮೈಸೂರು

ಹಾಲಿನ ಚಾಕೊಲೇಟ್ ಆದರೆ ಸುಮಾರು 100 ಗ್ರಾಂ, ಡಾರ್ಕ್ ಆದರೆ 40 ಗ್ರಾಂ, ಕೋಕೋ ಪುಡಿ 10 ಗ್ರಾಂ. ವಾಂತಿ, ಚಡಪಡಿಕೆ ಶುರುವಾಗಲು ಇಷ್ಟು ಸಾಕು. ಇದರ ಎರಡು-ಮೂರು ಪಟ್ಟಾದರೆ ಎದೆಬಡಿತ ತಪ್ಪುತ್ತದೆ, ಫಿಟ್ಸ್ ಬರಬಹುದು. ಇದಕ್ಕೆಲ್ಲ ಕಾರಣ ಕೋಕೋದಲ್ಲಿರುವ ಥಿಯೋಬ್ರೋಮಿನ್ ಎಂಬ ಅಂಶ. ಅದರಲ್ಲಿ ಅರ್ಧದಷ್ಟು ನಾಯಿಯ ಮೈಯಿಂದ ಹೊರಹೋಗಲು ಸುಮಾರು 17 ಗಂಟೆ ಹಿಡಿಯುತ್ತದೆ.

ಶುಗರ್ ಫ್ರೀ ಇನ್ನೂ ಕೆಟ್ಟದ್ದು, ಅದರಲ್ಲಿ ಸಕ್ಕರೆ ಬದಲು ಸಿಹಿಗೆ ಹಾಕುವ ಕ್ಸೈಲಿಟಾಲ್ ಇದ್ದರೆ. ಇದು ಹೊಟ್ಟೆಗೆ ಹೋದ ತಕ್ಷಣ ನಾಯಿಯ ಮೈಯಲ್ಲಿ ಇನ್ಸುಲಿನ್ ಒಮ್ಮೆಲೇ ಏರುತ್ತದೆ. ಅರ್ಧ ಗಂಟೆಯಲ್ಲೇ ಸಕ್ಕರೆ ಇಳಿದು ತೂರಾಡಿ ಬೀಳಬಹುದು. ಹತ್ತು ಕಿಲೋ ನಾಯಿಗೆ ಒಂದೇ ಗ್ರಾಂ ಸಾಕು. ಪ್ರಮಾಣ ಹೆಚ್ಚಾದರೆ ಯಕೃತ್ತೂ ಕೆಡುತ್ತದೆ. ಚೂಯಿಂಗ್ ಗಮ್, ಮಿಂಟ್, ಪೀನಟ್ ಬಟರ್ ಲೇಬಲ್ ಓದಿ. ಕೆಲವೊಮ್ಮೆ ಹೆಸರಿನ ಬದಲು 967 ಎಂಬ ಸಂಖ್ಯೆ ಮಾತ್ರ ಇರುತ್ತದೆ.

ಬಿರಿಯಾನಿ ಮೂಳೆ ಹಾಕಬಹುದಾ?
— ಓದುಗರು, ಕೋಲಾರ

ಬೇಡ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ. ಮಸಾಲೆಯಲ್ಲಿ ಈರುಳ್ಳಿ ಬೇರೆ ಇದೆ. ಮಾವಿನ ವಾಟೆಯನ್ನೂ ಕೊಡಬೇಡಿ. ಕರುಳಲ್ಲಿ ಸಿಕ್ಕಿಕೊಂಡರೆ ಆಪರೇಷನ್ ಮಾಡಿಯೇ ತೆಗೆಯಬೇಕಾಗುತ್ತದೆ.

ಬೇಡದ್ದು ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಅಂತಾರೆ. ಸರಿಯೇ?
— ಓದುಗರು, ದಾವಣಗೆರೆ

ಖಂಡಿತ ಮಾಡಬೇಡಿ. ವಾಂತಿ ಆಗದಿದ್ದರೆ ಆ ಉಪ್ಪೆಲ್ಲ ರಕ್ತಕ್ಕೆ ಸೇರುತ್ತದೆ. ಮಿದುಳಿಗೆ ಏಟು ಬಿದ್ದು ಫಿಟ್ಸ್ ಬರಬಹುದು, ಪ್ರಾಣವೂ ಹೋಗಬಹುದು. ಹೈಡ್ರೋಜನ್ ಪೆರಾಕ್ಸೈಡನ್ನೂ ಡಾಕ್ಟರ್ ಹೇಳದೆ ಕುಡಿಸಬೇಡಿ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತಾರೆ. ತಿಂದ ಎರಡು ಗಂಟೆಯೊಳಗೆ ತಲುಪಿದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಆದ್ದರಿಂದ ನಾಯಿ ಬಾಲ ಅಲ್ಲಾಡಿಸುತ್ತಿದೆ, ನಾಳೆ ನೋಡೋಣ ಎಂದು ಕಾಯಬೇಡಿ. ಹೊರಡುವಾಗಲೇ ಫೋನ್ ಮಾಡಿ ಏನು ತಿಂದಿತು, ಎಷ್ಟು, ಯಾವಾಗ, ನಾಯಿಯ ತೂಕ ಎಷ್ಟು ಎಂದು ಹೇಳಿ. ಪ್ಯಾಕೆಟ್ ಇದ್ದರೆ ಜೊತೆಗೇ ತನ್ನಿ, ಹರಿದಿದ್ದರೂ ಪರವಾಗಿಲ್ಲ.